ಚಿಗಪ್ಪ ವಾಪಸ್ ಬರಲ್ಲವಂತೆ!

ಒಂದು ಕಾಗದ ನನ್ನ ಮುಂದಿದೆ. ಅದರಲ್ಲಿ ಸಾಲಾಗಿ ಸಣ್ಣ ಸಣ್ಣ ಚೌಕಗಳು, ಪಕ್ಕದಲ್ಲಿ ಮೊದಲೇ ಅಚ್ಚು ಮಾಡಿಟ್ಟ ಕಾರಣಗಳು. ಎರಡು ಚೌಕಕ್ಕೆ ಮಾತ್ರ ಗುರುತು ಬಿದ್ದಿದೆ. ಮೊದಲನೆಯದು, ಪ್ರವಾಸದ ಉದ್ದೇಶದ ಬಗ್ಗೆ ನೀವು ಕೊಟ್ಟ ಮಾಹಿತಿ ನಂಬುವಂತಿಲ್ಲ. ಎರಡನೆಯದು, ವೀಸಾ ಅವಧಿ ಮುಗಿಯುವುದರೊಳಗೆ ನೀವು ವಾಪಸ್ ಹೋಗುತ್ತೀರಿ ಅನ್ನುವುದರ ಬಗ್ಗೆ ನಮಗೆ ಅನುಮಾನವಿದೆ.

ಈ ಅನುಮಾನ ಯಾರ ಮೇಲೆ ಗೊತ್ತಾ? ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಚಿಗಪ್ಪನ ಮೇಲೆ!

ಅವನ ಬಗ್ಗೆ ಸ್ವಲ್ಪ ಹೇಳಬೇಕು. ವಯಸ್ಸು ಅರವತ್ತೊಂದು. ನಾಲ್ಕು ಎಕರೆ ಗದ್ದೆ, ಅದರಲ್ಲಿ ಒಂದಿಷ್ಟು ಕಬ್ಬು, ಒಂದಿಷ್ಟು ಬಾಳೆ. ಎರಡು ಎಮ್ಮೆ. ಗದ್ದೆಗೆ ನೀರು ಬರೋದು ವಿಜಯನಗರದ ಅರಸರ ಕಾಲದಲ್ಲಿ ತೋಡಿದ ಕಾಲುವೆಯಿಂದ. ಐನೂರು ವರ್ಷದಿಂದ ಅದೇ ನೀರು, ಅದೇ ಸರದಿ, ಅದೇ ಜಗಳ. ಬೆಂಗಳೂರಿಗೆ ನಮ್ಮ ಮನೆಗೆ ಬಂದರೆ ಎರಡನೇ ರಾತ್ರಿಗೇ ಅವನಿಗೆ ಚಡಪಡಿಕೆ ಶುರು. "ನೀರಿನ ಪಾಳಿ ಐತಪ್ಪ, ನಾ ಇಲ್ಲಂದ್ರ ಮಗ್ಗಲ ಗದ್ದೆಯವ ತನ್ನ ಕಡೆ ತಿರುಗಿಸ್ಕೊಂತಾನ" ಅಂತ ಹೇಳಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಬಿಡ್ತಾನೆ. ಬೆಂಗಳೂರಿನಲ್ಲಿ ಮೂರು ದಿನ ನಿಲ್ಲದ ಈ ಮನುಷ್ಯ ಯುರೋಪಿನಲ್ಲಿ ಕದ್ದು ಉಳಿದುಬಿಡ್ತಾನಂತೆ. ನಗಬೇಕೋ ಅಳಬೇಕೋ ನೀವೇ ಹೇಳಿ..

ಇವನಿಗ್ಯಾಕೆ ಯುರೋಪಿನ ಹುಚ್ಚು ಹಿಡೀತು ಅಂತ ನೀವು ಕೇಳಬಹುದು. 2011ರಲ್ಲಿ ಹಂಪಿ ನೋಡೋಕೆ ಬಂದಿದ್ದ ಒಬ್ಬ ಹುಡುಗ ಬಾಡಿಗೆ ಸೈಕಲ್ ತುಳಿದುಕೊಂಡು ದಾರಿ ತಪ್ಪಿ ನಮ್ಮ ಗದ್ದೆ ಬದಿಗೆ ಬಂದ. ಸೈಕಲ್ ಪಂಕ್ಚರ್. ಗಾಣದ ಹತ್ತಿರ ಕೂರಿಸಿ ಬಿಸಿ ಬೆಲ್ಲ ಕೊಟ್ಟರು, ಅಷ್ಟೇ. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಬರೋದು ರೂಢಿಯಾಯ್ತು. ಹಗಲೆಲ್ಲಾ ನಮ್ಮಲ್ಲೇ ಇದ್ದು ರಾತ್ರಿ ಮಲಗೋಕೆ ಮಾತ್ರ ಹಂಪಿಯ ರೂಮಿಗೆ ಹೋಗ್ತಿದ್ದ. ವಿದೇಶಿಯರನ್ನ ಮನೇಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ಸರ್ಕಾರಕ್ಕೆ ವರದಿ ಕೊಡಬೇಕಲ್ಲ, ಹಂಪಿ ಕಡೆಯವರಿಗೆಲ್ಲ 'ಸಿ ಫಾರ್ಮ್' ಅಂದ್ರೆ ಗೊತ್ತು, ಆ ಉಸಾಬರಿ ಚಿಗಪ್ಪನಿಗೆ ಬೇಡವಾಗಿತ್ತು. ಚಿಗವ್ವನ ಕೈಯ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದು ತಿಂದು ಆ ಹುಡುಗ ಈಗ ನಡುವಯಸ್ಸಿನವನಾಗಿದ್ದಾನೆ, ಮದುವೆಯಾಗಿ ಎರಡು ಮಕ್ಕಳು. 2024ರಲ್ಲಿ "ನೀವಿಬ್ಬರೂ ಒಂದು ಸಲ ನಮ್ಮ ಮನೆಗೆ ಬರಲೇಬೇಕು" ಅಂತ ಹಠ ಹಿಡಿದ. ಹನ್ನೆರಡು ದಿನ. ಟಿಕೆಟ್ ದುಡ್ಡು ತಾನೇ ಕೊಡ್ತೀನಿ ಅಂದ. ಚಿಗಪ್ಪ ಒಪ್ಪಲಿಲ್ಲ. "ಬೀಗರ ಮನಿಗೆ ಹೋದಂಗ ಹೋಗಬೇಕು, ಅವರ ರೊಕ್ಕದಾಗ ಅಲ್ಲ" ಅಂದ.

ಈಗ ಒಂದು ಕಡೆಯಿಂದ ನೋಡಿ. ಆ ಹುಡುಗ ಭಾರತಕ್ಕೆ ಬರಬೇಕಾದರೆ ಏನು ಮಾಡ್ತಾನೆ? 2014ರ ನವೆಂಬರಿನಲ್ಲಿ ನಮ್ಮ ಸರ್ಕಾರ ಇ-ವೀಸಾ ಶುರು ಮಾಡಿದ ಮೇಲೆ ಮನೆಯಲ್ಲೇ ಕೂತು ಅರ್ಜಿ ತುಂಬ್ತಾನೆ, ಒಂದು ಫೋಟೋ, ಪಾಸ್‌ಪೋರ್ಟಿನ ಒಂದು ಪುಟ ಹಾಕ್ತಾನೆ, ದುಡ್ಡು ಕಟ್ತಾನೆ, ಮೂರ್ನಾಲ್ಕು ದಿನದಲ್ಲಿ ಮೇಲ್ ಬರುತ್ತೆ. 2019ರಲ್ಲಿ ದರವನ್ನೂ ಇಳಿಸಿದರು, ಮೂವತ್ತು ದಿನದ ವೀಸಾಕ್ಕೆ 25 ಡಾಲರ್, ಏಪ್ರಿಲ್‌ನಿಂದ ಜೂನ್‌ವರೆಗೆ ಬರೋದಾದರೆ ಬರೀ 10 ಡಾಲರ್. (ಏಪ್ರಿಲ್, ಮೇನಲ್ಲಿ ಹೊಸಪೇಟೆಗೆ ಬರೋವರಿಗೆ ನಾವೇ ದುಡ್ಡು ಕೊಡಬೇಕು, ಆ ಬಿಸಿಲಿಗೆ! :-)) ನಿನ್ನ ಬ್ಯಾಂಕಿನಲ್ಲಿ ಆರು ತಿಂಗಳ ಲೆಕ್ಕ ತೋರಿಸು, ನಿನ್ನ ಹೊಲದ ಪಹಣಿ ತೋರಿಸು, ವಾಪಸ್ ಹೋಗ್ತೀಯಾ ಅನ್ನೋದಕ್ಕೆ ಸಾಕ್ಷಿ ಕೊಡು ಅಂತ ಆ ಅರ್ಜಿಯಲ್ಲಿ ಅವನನ್ನ ಯಾರೂ ಕೇಳಿಲ್ಲ.

ಇನ್ನು ಚಿಗಪ್ಪ, ಚಿಗವ್ವನ ಕಥೆ. ಆ ದೇಶದ ಹೆಸರು ಬೇಡ, ಷೆಂಗೆನ್ ಗುಂಪಿನ ಒಂದು ದೇಶ ಅಂತ ಇಟ್ಟುಕೊಳ್ಳಿ. ರಾತ್ರಿ ರೈಲು ಹತ್ತಿ ಬೆಳಿಗ್ಗೆ ಬೆಂಗಳೂರಿಗೆ ಇಳಿಯಬೇಕು. ಹತ್ತು ಬೆರಳಿನ ಗುರುತು ಕೊಡಬೇಕು (2015ರ ನವೆಂಬರಿನಿಂದ ಈ ನಿಯಮ). ನಲವತ್ತು ವರ್ಷ ಕುಡುಗೋಲು, ಗುದ್ದಲಿ ಹಿಡಿದ ಕೈ, ಯಂತ್ರಕ್ಕೆ ಬೆರಳು ಸಿಗಲೇ ಇಲ್ಲ. ಮತ್ತೆ ಮತ್ತೆ ಒರೆಸಿ, ಒತ್ತಿ, ನಾಲ್ಕನೇ ಸಲಕ್ಕೆ ಬಂತು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕು. ಶುಲ್ಕ 2020ರ ಫೆಬ್ರವರಿವರೆಗೆ 60 ಯೂರೋ ಇತ್ತು, ಆಮೇಲೆ 80, 2024ರ ಜೂನ್‌ನಿಂದ 90. ಇಬ್ಬರಿಗೆ 180 ಯೂರೋ, ಅಂದರೆ ಹದಿನಾರು ಸಾವಿರ ರೂಪಾಯಿಗೂ ಮೇಲೆ. ಅದರ ಮೇಲೆ ಅರ್ಜಿ ತಗೊಳ್ಳೋ ಖಾಸಗಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಕೊಡದೇ ಹೋದರೂ ಒಂದು ಪೈಸೆ ವಾಪಸ್ ಇಲ್ಲ.

ಇದೆಲ್ಲ ಸಹಿಸಬಹುದು. ನನ್ನ ತಕರಾರು ಇರೋದು ದಾಖಲೆಗಳ ಪಟ್ಟಿಯ ಮೇಲೆ. ನಮಗೆ ಕೊಟ್ಟ ಪಟ್ಟಿಯಲ್ಲಿ ನೌಕರನಿಗೆ ಒಂದು ಸಾಲು ಇತ್ತು: ಸಂಬಳದ ಚೀಟಿ, ಕಂಪನಿಯ ರಜಾ ಪತ್ರ. ವ್ಯಾಪಾರಿಗೆ ಒಂದು ಸಾಲು. ಪಿಂಚಣಿದಾರನಿಗೆ, ವಿದ್ಯಾರ್ಥಿಗೆ ಒಂದೊಂದು ಸಾಲು. ರೈತ ಅನ್ನೋ ಪದವೇ ಅದರಲ್ಲಿರಲಿಲ್ಲ. ದೇಶದ ಅರ್ಧದಷ್ಟು ದುಡಿಯೋ ಜನ ಬೇಸಾಯ ನಂಬಿರೋ ನಾಡಿನಲ್ಲಿ ಕೊಡೋ ಪಟ್ಟಿ ಇದು!

ಎಲ್ಲರೂ ಕೊಡಬೇಕಾದದ್ದು ಆದಾಯ ತೆರಿಗೆ ರಿಟರ್ನ್ಸ್. ಚಿಗಪ್ಪನಿಗೆ ಎಲ್ಲಿಂದ ಬರಬೇಕು? ಬೇಸಾಯದ ಆದಾಯಕ್ಕೆ ನಮ್ಮಲ್ಲಿ ತೆರಿಗೆಯೇ ಇಲ್ಲ, ಅದು ಕಾನೂನು. ಕಾನೂನು ಪ್ರಕಾರ ಬದುಕಿದವನ ಹತ್ತಿರ ಕಾಗದ ಇಲ್ಲ, ಕಾಗದ ಇಲ್ಲದವನು ನಂಬಿಕೆಗೆ ಅರ್ಹನಲ್ಲ. ಆಮೇಲೆ ಬ್ಯಾಂಕ್ ಲೆಕ್ಕ. ಸಂಬಳದವನಿಗೆ ತಿಂಗಳ ಒಂದನೇ ತಾರೀಖು ದುಡ್ಡು ಬೀಳುತ್ತೆ, ನೋಡೋಕೆ ಚೆಂದ. ಕಬ್ಬಿನವನಿಗೆ? ನಮ್ಮೂರಿನ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಕಬ್ಬು ಗಾಣಕ್ಕೆ ಹೋಗಬೇಕು, ಇಲ್ಲಾ ದೂರದ ಕಾರ್ಖಾನೆಗೆ. ದುಡ್ಡು ವರ್ಷಕ್ಕೊಮ್ಮೆ, ಒಟ್ಟಿಗೆ, ಅದೂ ಕಾರ್ಖಾನೆಯವರು ಮನಸ್ಸು ಮಾಡಿದಾಗ. ಹತ್ತು ತಿಂಗಳು ಖಾತೆ ಒಣಗಿರುತ್ತೆ, ಒಂದು ದಿನ ಮೂರೂವರೆ ಲಕ್ಷ ಬೀಳುತ್ತೆ. ವೀಸಾ ನೋಡೋ ಅಧಿಕಾರಿಯ ಕಣ್ಣಿಗೆ ಇದು 'ಅರ್ಜಿಗೋಸ್ಕರ ಯಾರ ಹತ್ತಿರವೋ ಸಾಲ ತಂದು ತುಂಬಿಸಿದ ದುಡ್ಡು'. ಏಜೆಂಟರೆಲ್ಲ ಇದನ್ನೇ ಹೇಳಿ ಹೆದರಿಸ್ತಾರೆ, ಒಮ್ಮೆಲೇ ದುಡ್ಡು ಬಿದ್ದಿರಬಾರದು ಅಂತ. ಸುಗ್ಗಿ ಒಮ್ಮೆಲೇ ಬರದೆ ಕಂತಿನಲ್ಲಿ ಬರುತ್ತಾ ಸ್ವಾಮಿ?

ಪಹಣಿ ಕೊಟ್ಟೆವು. ಅದು ಕನ್ನಡದಲ್ಲಿದೆ. ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮಾಡಿಸಿ ಕೊಟ್ಟೆವು. ಆಗ ಇನ್ನೊಂದು ಗೋಜಲು. ನಮ್ಮ ಊರಿನ ಹೆಸರು 2014ರ ನವೆಂಬರ್ 1ಕ್ಕೆ ಇಂಗ್ಲಿಷಿನಲ್ಲಿ 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಆಯ್ತು, 'ಬೆಳ್ಳಾರಿ' ಹೋಗಿ 'ಬಳ್ಳಾರಿ' ಆಯ್ತು. 2021ರಲ್ಲಿ ಜಿಲ್ಲೆಯೇ ಬದಲಾಗಿ ವಿಜಯನಗರ ಜಿಲ್ಲೆ ಬಂತು. ನಮಗೆಲ್ಲ ಹೆಮ್ಮೆಯೇ, ಇಲ್ಲ ಅನ್ನಲ್ಲ. ಆದರೆ ಚಿಗಪ್ಪನ ಹಳೇ ಕ್ರಯಪತ್ರದಲ್ಲಿ ಒಂದು ಜಿಲ್ಲೆ, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಚಿತ್ತವಾಡ್ಗಿ ಅಂತೂ ಇಂಗ್ಲಿಷಿನಲ್ಲಿ ಮೂರು ಕಾಗದದಲ್ಲಿ ಮೂರು ತರ. ಹೆಸರಿನ ಮುಂದೆ ಒಂದರಲ್ಲಿ ಬರೀ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆತನದ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶ ಇಲ್ಲ ಅಂತ 2022ರ ನವೆಂಬರಿನಲ್ಲಿ ದುಬೈ ಕಡೆಯವರು ನಿಯಮ ತಂದದ್ದು ನೆನಪಿರಬಹುದು. ನಮ್ಮ ಕಡೆ ಅಡ್ಡಹೆಸರು ಇಲ್ಲದ ಎಷ್ಟು ಜನ ಇಲ್ಲ! ಎರಡೆರಡು ಹೆಸರು ಇಡೋದು ಒಂದು ಸೀಮೆಯ ಪದ್ಧತಿ. ಅದನ್ನು ಇಡೀ ಲೋಕಕ್ಕೆ ಅಳತೆಗೋಲು ಮಾಡಿಕೊಂಡು ಕೂತಿದ್ದಾರೆ.

ಈಗ ನನ್ನ ಕಥೆ ಕೇಳಿ, ಆಗ ಸಿಟ್ಟು ಯಾಕೆ ಬಂತು ಅಂತ ಗೊತ್ತಾಗುತ್ತೆ. 2019ರಲ್ಲಿ ನಾನೂ ಅದೇ ದೇಶಕ್ಕೆ ಹೋಗಿ ಬಂದೆ. ಆಗ ಇಪ್ಪತ್ತೆಂಟು ವರ್ಷ, ಮದುವೆಯಾಗಿರಲಿಲ್ಲ, ನಾಲ್ಕು ವರ್ಷದಲ್ಲಿ ಮೂರನೇ ಕಂಪನಿ, ಇಬ್ಬರು ಗೆಳೆಯರ ಜೊತೆ ಬಾಡಿಗೆ ಮನೆ. ನನ್ನ ಹೆಸರಲ್ಲಿ ಇದ್ದ ಆಸ್ತಿ ಅಂದ್ರೆ ಒಂದು ಲ್ಯಾಪ್‌ಟಾಪು, ಒಂದು ಬೈಕು, ಬೈಕಿನ ಮೇಲೆ ಸಾಲ. ಆ ದೇಶದಲ್ಲಿ ಕೆಲಸ ಸಿಕ್ಕರೆ ಮರುದಿನವೇ ಗಂಟುಮೂಟೆ ಕಟ್ಟೋ ಪೈಕಿ ನಾನು, ಸುಳ್ಳು ಯಾಕೆ ಹೇಳಲಿ. ಆರು ಸಂಬಳದ ಚೀಟಿ ಇಟ್ಟೆ, ಒಂಬತ್ತು ದಿನಕ್ಕೆ ವೀಸಾ ಬಂತು. ಎಲ್ಲಿ ಬೇಕಾದರೂ ಹೋಗಿ ಬದುಕಬಲ್ಲ ನನ್ನ ಮೇಲೆ ಇಲ್ಲದ ಅನುಮಾನ, ಗದ್ದೆ ಬಿಟ್ಟು ಬದುಕೋಕೆ ಬರದ ಚಿಗಪ್ಪನ ಮೇಲೆ ಬಂತು. ನಾಲ್ಕು ಎಕರೆಯನ್ನ ಅವನು ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಹೋಗ್ತಾನಾ?

ತಮಾಷೆ ಏನಂದ್ರೆ ಅವರದೇ ಕಾನೂನಿನಲ್ಲಿ ಈ ವಿಷಯ ಬರೆದಿದೆ. ಷೆಂಗೆನ್ ದೇಶಗಳೆಲ್ಲ ಸೇರಿ ಮಾಡಿಕೊಂಡ 2009ರ ವೀಸಾ ಸಂಹಿತೆಯ ಎರಡನೇ ಅನುಬಂಧ ತೆಗೆದು ಓದಿ. ಅರ್ಜಿದಾರ ವಾಪಸ್ ಹೋಗ್ತಾನೆ ಅನ್ನೋದನ್ನ ಅಳೆಯೋಕೆ ಯಾವ ಯಾವ ಕಾಗದ ನೋಡಬಹುದು ಅಂತ ಅಲ್ಲಿದೆ: ವಾಪಸ್ ಟಿಕೆಟ್ಟು, ಹಣಕಾಸು, ಕೆಲಸ, ಸ್ಥಿರಾಸ್ತಿ, ಊರಲ್ಲಿರೋ ಕುಟುಂಬದ ನಂಟು. ಸ್ಥಿರಾಸ್ತಿ ಅಂತ ಸ್ಪಷ್ಟವಾಗಿ ಇದೆ! ಯುರೋಪಿನ ಕಾನೂನು ಬರೆದವನಿಗೆ ಭೂಮಿಯ ನಂಟು ಅರ್ಥವಾಗಿದೆ. ಅರ್ಥವಾಗದೇ ಇರೋದು ಮೇಜಿನ ಮೇಲೆ ಕೂತು ಚೌಕಕ್ಕೆ ಗುರುತು ಹಾಕೋ ಕೈಗೆ. ಪಹಣಿ ಯಾಕೆ ಸಾಲಲಿಲ್ಲ ಅಂತ ಒಂದು ವಾಕ್ಯ ಬರೆದಿದ್ದರೂ ಮುಂದಿನ ಸಲ ಸರಿ ಮಾಡಿಕೊಳ್ಳಬಹುದಿತ್ತು. ಗುರುತು ನೋಡಿ ಏನು ತಿದ್ದಿಕೊಳ್ಳೋದು? ಮೇಲ್ಮನವಿ ಹಾಕೋ ಹಕ್ಕಿದೆ ಅಂತ ಕೊನೆಯಲ್ಲಿ ಅಚ್ಚು ಮಾಡಿದ್ದಾರೆ, ಆ ದೇಶದ ಕಾನೂನಿನ ಪ್ರಕಾರ. ಅದಕ್ಕೆ ವಕೀಲನನ್ನು ಹಿಡಿಯೋ ದುಡ್ಡಲ್ಲಿ ಇನ್ನೆರಡು ಎಮ್ಮೆ ಬರುತ್ತೆ.

ಇದು ಚಿಗಪ್ಪ ಒಬ್ಬನ ಗೋಳಲ್ಲ. 2024ರಲ್ಲಿ ಭಾರತದಿಂದ ಷೆಂಗೆನ್ ವೀಸಾಕ್ಕೆ ಸುಮಾರು 11 ಲಕ್ಷ ಅರ್ಜಿ ಹೋದವು, ಸುಮಾರು 1.65 ಲಕ್ಷ ತಿರಸ್ಕಾರವಾದವು. ತಿರಸ್ಕಾರವಾದವರು ಕಟ್ಟಿದ ಶುಲ್ಕ ಕೂಡಿಸಿದರೆ ನೂರು ಕೋಟಿ ರೂಪಾಯಿ ದಾಟುತ್ತೆ. ಕೊಡದೇ ಇದ್ದ ವಸ್ತುವಿಗೆ ತಗೊಂಡ ದುಡ್ಡು ಅದು. ನಮ್ಮ ಸಂತೆಯಲ್ಲಿ ಯಾರಾದರೂ ಹೀಗೆ ವ್ಯಾಪಾರ ಮಾಡಿದರೆ ಏನಾಗ್ತಿತ್ತು ಅಂತ ಯೋಚಿಸಿ. ಕಾಗದ ನೋಡೋಕೆ ಖರ್ಚಾಗುತ್ತೆ, ಸರಿ, ಅಷ್ಟನ್ನ ಇಟ್ಟುಕೊಂಡು ಮಿಕ್ಕಿದ್ದು ವಾಪಸ್ ಕೊಡಲಿ.

ನಮ್ಮ ಆಫೀಸಿನಲ್ಲಿ ಇದನ್ನ ಹೇಳಿದರೆ ಒಬ್ಬ ಹಿರಿಯರು "ಅವರ ಮನೆ, ಅವರ ಬಾಗಿಲು, ಯಾರನ್ನ ಒಳಗೆ ಬಿಡಬೇಕು ಅನ್ನೋದು ಅವರಿಷ್ಟ. ನಮ್ಮೋರು ಹೋಗಿ ಅಲ್ಲೇ ಉಳೀತಾರೆ, ಅದಕ್ಕೇ ಹೀಗೆ" ಅಂದ್ರು. ಮೊದಲನೇ ಮಾತು ಒಪ್ಪಿದೆ. ವಿದೇಶಕ್ಕೆ ಹೋಗೋದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ನಮ್ಮ ಸುಪ್ರೀಂ ಕೋರ್ಟ್ 1967ರಲ್ಲಿ ಒಂದು ಸಲ, 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಇನ್ನೊಂದು ಸಲ ಹೇಳಿದೆ, ಆದರೆ ಅದು ಕಟ್ಟಿಹಾಕೋದು ನಮ್ಮ ಸರ್ಕಾರವನ್ನ. ಬೇರೆ ದೇಶದ ಬಾಗಿಲು ಬಡಿಯೋ ಹಕ್ಕು ಯಾರಿಗೂ ಇಲ್ಲ. ಎರಡನೇ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಸುಳ್ಳು ಕಾಗದ ಮಾಡಿಕೊಡೋ ಏಜೆಂಟರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅವರ ಪಾಪ ನಿಯತ್ತಿನವರ ತಲೆಗೆ. ಆದರೆ ಬಾಗಿಲು ಕಾಯೋನು ಬಂದವನ ಮುಖ ನೋಡಬೇಕಲ್ವಾ? ಹನ್ನೆರಡು ದಿನಕ್ಕೆ ಹೊರಟ ಮುದುಕ ಮುದುಕಿಯನ್ನ ಎದುರಿಗೆ ಕೂರಿಸಿಕೊಂಡು ಐದು ನಿಮಿಷ ಯಾರೂ ಮಾತಾಡಿಸಲಿಲ್ಲ.

ನಮ್ಮ ಹಂಪಿಗೆ 1443ರಲ್ಲಿ ಅಬ್ದುಲ್ ರಜಾಕ್ ಬಂದಿದ್ದನಲ್ಲ, ಪರ್ಷಿಯಾ ಕಡೆಯಿಂದ ಷಾರುಖ್ ದೊರೆಯ ರಾಯಭಾರಿಯಾಗಿ. ಶಾಲೆಯಲ್ಲಿ ನಾವು ಓದಿದ್ದು ಅವನು ವಿಜಯನಗರವನ್ನು ಹೊಗಳಿದ್ದಷ್ಟೇ. ಅವನೇ ಬರೆದುಕೊಂಡ ಇನ್ನೊಂದು ಸಂಗತಿ ಇದೆ. ಇವನು ನಿಜವಾದ ರಾಯಭಾರಿ ಅಲ್ಲ, ಯಾವನೋ ವ್ಯಾಪಾರಿ ಅಂತ ಹೋರ್ಮುಜ್ ಕಡೆಯ ಕೆಲವರು ಚಾಡಿ ಹೇಳಿದ್ದರು. ದಾಖಲೆಯ ಮೇಲೆ ಅನುಮಾನ ಅನ್ನೋದು ಆಗಲೇ ಇತ್ತು ನೋಡಿ! ಅವನಿಗೆ ನಡೀತಿದ್ದ ಸತ್ಕಾರ ಕಡಿಮೆಯಾಯ್ತು. ಆದರೆ ಇಮ್ಮಡಿ ದೇವರಾಯ ಅವನನ್ನ ಬೀಳ್ಕೊಡುವಾಗ ಕರೆಸಿ, ನಿನ್ನ ಬಗ್ಗೆ ಹೀಗೊಂದು ಮಾತು ಬಂದಿದೆ ಅಂತ ಎದುರಿಗೇ ಹೇಳಿದ. ಅನುಮಾನ ಪಡೋ ದೊರೆಗೂ ಅಷ್ಟು ಸೌಜನ್ಯ ಇತ್ತು.

ಹಾಗಂತ ನಮ್ಮ ಸರ್ಕಾರವೇನು ಬಲು ಸಾಚಾ ಅಲ್ಲ. 2009ರ ಕೊನೆಯಲ್ಲಿ ಒಂದು ತಲೆಹರಟೆ ನಿಯಮ ತಂದಿದ್ದರು: ಪ್ರವಾಸಿ ವೀಸಾದವನು ಒಮ್ಮೆ ದೇಶದಿಂದ ಹೊರಗೆ ಹೋದರೆ ಎರಡು ತಿಂಗಳು ವಾಪಸ್ ಬರುವಂತಿಲ್ಲ. ನಮ್ಮ ಸೈಕಲ್ ಹುಡುಗ ಆ ಸಲ ನೇಪಾಳ ನೋಡಿಕೊಂಡು ಮತ್ತೆ ಹಂಪಿಗೆ ಬರಬೇಕು ಅಂತಿದ್ದ, ಈ ನಿಯಮಕ್ಕೆ ಹೆದರಿ ನೇಪಾಳವನ್ನೇ ಬಿಟ್ಟ. ನಿಯಮ ಬಂದ ಕೂಡಲೇ ಬ್ರಿಟನ್, ಅಮೆರಿಕ ಸರ್ಕಾರಗಳು ತಮ್ಮ ಪ್ರವಾಸಿಗರ ಪರವಾಗಿ ಆಕ್ಷೇಪ ಎತ್ತಿದವು. 2012ರ ಡಿಸೆಂಬರಿನಲ್ಲಿ ಅದನ್ನ ಹೆಚ್ಚುಕಮ್ಮಿ ಪೂರ್ತಿ ತೆಗೆದರು. ಅಂದರೆ ಕೇಳೋರಿದ್ದರೆ ನಿಯಮ ಬದಲಾಗುತ್ತೆ. ಚಿಗಪ್ಪನ ಪರ ಕೇಳೋರು ಯಾರು? ದೆಹಲಿಯವರು ಎಂಜಿನಿಯರುಗಳ ವೀಸಾಕ್ಕೆ ಮಾತಾಡ್ತಾರೆ, ವಿದ್ಯಾರ್ಥಿಗಳ ವೀಸಾಕ್ಕೆ ಮಾತಾಡ್ತಾರೆ. ಗದ್ದೆಯವನೂ ಲೋಕ ನೋಡೋಕೆ ಹೋಗಬಹುದು ಅನ್ನೋದೇ ಅವರ ತಲೆಗೆ ಬಂದಂಗಿಲ್ಲ. 2024ರ ಏಪ್ರಿಲ್‌ನಲ್ಲಿ ಯುರೋಪಿನವರು ಭಾರತೀಯರಿಗೆ ಒಂದು ಸಡಿಲಿಕೆ ಕೊಟ್ಟರು ಅಂತ ಪೇಪರಿನಲ್ಲಿ ದೊಡ್ಡದಾಗಿ ಬಂತು. ಏನದು? ಹಿಂದಿನ ಮೂರು ವರ್ಷದಲ್ಲಿ ಎರಡು ಸಲ ವೀಸಾ ತಗೊಂಡು ಸರಿಯಾಗಿ ಹೋಗಿ ಬಂದವರಿಗೆ ಎರಡು ವರ್ಷದ ವೀಸಾ, ಆಮೇಲೆ ಐದು ವರ್ಷದ್ದು. ಉಂಡವನಿಗೇ ಮತ್ತೊಂದು ಹೋಳಿಗೆ. ಮೊದಲನೇ ತುತ್ತಿಗೆ ಕಾದವನಿಗೆ ಅದರಿಂದ ಏನು ಬಂತು?

ಬೆಂಗಳೂರಿನವರು ಮಾಡಬಹುದಾದ ಕೆಲಸವೂ ಇದೆ. 'ಭೂಮಿ' ಯೋಜನೆಯಲ್ಲಿ ಪಹಣಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು, ದೇಶವೆಲ್ಲ ಹೊಗಳಿದ ಕೆಲಸ. ಅದೇ ಕಂಪ್ಯೂಟರಿನಿಂದ ಇಂಗ್ಲಿಷಿನಲ್ಲೂ ಒಂದು ಪ್ರತಿ ಕೊಡಿ, ಹಳೇ ಜಿಲ್ಲೆ ಹೊಸ ಜಿಲ್ಲೆ ಎರಡೂ ನಮೂದಿಸಿ, ಬೆಳೆ ಏನು, ಅಂದಾಜು ಆದಾಯ ಎಷ್ಟು ಅಂತ ತಹಶೀಲ್ದಾರರ ಸಹಿ ಹಾಕಿಸಿ. ವೀಸಾ ಕಚೇರಿಯವರು ನಂಬೋ ಹಾಗೆ ಪರಿಶೀಲಿಸೋ ವ್ಯವಸ್ಥೆ ಇಡಿ.

ಇಲ್ಲಿ ಒಂದು ಮುಜುಗರದ ವಿಷಯ ಹೇಳಲೇಬೇಕು. ನಾಡಕಚೇರಿಯ ಆದಾಯ ಪ್ರಮಾಣಪತ್ರ ಅಂತ ಒಂದು ಚಿಗಪ್ಪನ ಹತ್ತಿರ ಇತ್ತು, ಹಿಂದೆ ಮಗಳ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು. ಅದರಲ್ಲಿರೋ ವಾರ್ಷಿಕ ಆದಾಯ ನೋಡಿದರೆ ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿಗೂ ಸಾಲದು! ರೇಷನ್ ಕಾರ್ಡಿಗೆ, ವಿದ್ಯಾರ್ಥಿವೇತನಕ್ಕೆ ಒಂದು ಆದಾಯ, ಸಾಲಕ್ಕೆ ಒಂದು ಆದಾಯ, ವೀಸಾಕ್ಕೆ ಇನ್ನೊಂದು. ಇಂಥ ಕಾಗದ ಬರೆಸಿಕೊಳ್ಳೋ ನಾವು, ಬರೆದುಕೊಡೋ ಕಚೇರಿ, ಇಬ್ಬರೂ ಸೇರಿ ನಮ್ಮ ಪ್ರಮಾಣಪತ್ರಗಳ ಮರ್ಯಾದೆ ಕಳೆದಿದ್ದೇವೆ. ಆ ಪತ್ರವನ್ನ ಅರ್ಜಿಯ ಜೊತೆ ಇಡಲಿಲ್ಲ. ಇಟ್ಟಿದ್ದರೆ ಅವರು ಮೂರನೇ ಚೌಕಕ್ಕೂ ಗುರುತು ಹಾಕ್ತಿದ್ದರು, ಆಗ ನಾನು ಹೀಗೆ ಕೂಗಾಡೋಕೂ ಬಾಯಿ ಇರ್ತಿರಲಿಲ್ಲ.

ಕಾಗದ ಬಂದ ದಿನ ಫೋನಿನಲ್ಲಿ ಓದಿ ಹೇಳಿದೆ. ಚಿಗಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಾ ವಾಪಸ್ ಬರಲ್ಲಂತಂದ್ರ ಇಲ್ಲಿ ಎಮ್ಮಿ ಯಾರ್ ಹಿಂಡ್ತಾರಂತ? ಅದನ್ನ ಕೇಳಿದ್ರೇನು ಅವರನ್ನ?" ಅಂದ. ಚಿಗವ್ವ ಹಿಂದಿನಿಂದ "ರೊಕ್ಕ ಆದ್ರೂ ವಾಪಸ್ ಕೊಡ್ತಾರೇನು ಕೇಳು" ಅಂತ ಕೂಗಿದಳು. ಇಲ್ಲ ಅಂದೆ. ಆ ಹೊತ್ತಿಗಾಗಲೇ ಅವಳು ಆ ಹುಡುಗನ ಮಕ್ಕಳಿಗೆ ಅಂತ ಎರಡು ಕೌದಿ ಹೊಲಿದು ಇಟ್ಟಿದ್ದಳು. ಹಳೇ ಸೀರೆಗಳ ಕೌದಿ. ಕಳೆದ ಡಿಸೆಂಬರಿನಲ್ಲಿ ಅವನೇ ಬಂದಿದ್ದಾಗ ಕೊಟ್ಟು ಕಳಿಸಿದಳು. ಅವನಿಗೆ ಪಾಪ ತಲೆ ಎತ್ತಿ ಮಾತಾಡೋಕೆ ಆಗಲಿಲ್ಲ, ತನ್ನ ದೇಶ ಮಾಡಿದ್ದಕ್ಕೆ ತಾನು ಮೂರು ಸಲ ಕ್ಷಮೆ ಕೇಳಿದ. ವಿಠ್ಠಲ ದೇವಸ್ಥಾನದಲ್ಲಿ ನಮ್ಮ 40 ರೂಪಾಯಿ ಟಿಕೆಟ್ಟಿಗೆ ಅವನಿಂದ 600 ತಗೊಂಡರು ಅಂತ ಚಿಗಪ್ಪನೂ ಕ್ಷಮೆ ಕೇಳಿದ. ಲೆಕ್ಕ ಸಮ ಆಯ್ತು ಅಂತ ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

2023ರ ಕೊನೆಯಲ್ಲಿ ಥಾಯ್ಲೆಂಡ್, ಮಲೇಷ್ಯಾದವರು ಭಾರತೀಯರಿಗೆ ವೀಸಾನೇ ಬೇಡ ಅಂದಾಗ ಊರಿನ ಎಷ್ಟೋ ಜನ ಹೋಗಿ ಬಂದರು, ಗದ್ದೆಯವರೂ ಇದ್ದರು. ಚಿಗಪ್ಪನಿಗೂ ಅಲ್ಲಿಗೇ ಹೋಗಿ ಬಾ ಅಂದೆ. "ಅಲ್ಲಿ ನಮ್ಮೋರ್ ಯಾರದಾರ?" ಅಂದ.

ಹಾಗಾಗಿ ಮತ್ತೊಂದು ಸಲ ಅರ್ಜಿ ಹಾಕ್ತಾ ಇದೀವಿ, ಈ ಬಾಳೆ ಕಟಾವು ಮುಗಿದ ಮೇಲೆ. ಈ ಸಲ ಪಹಣಿಯ ಜೊತೆ ಗಾಣದವರು ಕೊಟ್ಟ ಮೂರು ವರ್ಷದ ರಸೀದಿಗಳು, ಊರಿನ ಹೆಸರು ಮತ್ತು ಜಿಲ್ಲೆ ಬದಲಾದ ಸರ್ಕಾರಿ ಆದೇಶಗಳ ಅನುವಾದ, ಆ ಎರಡನೇ ಅನುಬಂಧದ ಪ್ರತಿ ಇಷ್ಟನ್ನೂ ಇಡಬೇಕು ಅಂತಿದ್ದೇನೆ. ನಿಮ್ಮಲ್ಲಿ ಯಾರಾದರೂ ಬೇಸಾಯದ ಆದಾಯ ಒಂದನ್ನೇ ತೋರಿಸಿ ಅಪ್ಪ ಅಮ್ಮನಿಗೆ ವೀಸಾ ಮಾಡಿಸಿದ್ದರೆ, ಯಾವ ಕಾಗದ ಕೆಲಸ ಮಾಡಿತು ಅಂತ ದಯವಿಟ್ಟು ತಿಳಿಸಿ. ಏಜೆಂಟರ ನಂಬರ್ ಮಾತ್ರ ಬೇಡ.